ಡೈರಿ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿದ ಬಾಬ್ತು

ಇಂದ,
ಯಶವಂತ, ಕಾರ್ಯದರ್ಶಿ,
ಕಲ್ಲುಸಾರ ಹಾಲು ಉತ್ಪಾದಕರ ಸಂಘ, ಸೀತೂರು ದಾರಿ,
ನರಸಿಂಹರಾಜಪುರ ತಾಲ್ಲೂಕು

ಗೆ,
ಶ್ರೀಮತಿ ರಾಧಮ್ಮನವರು, ಅಧ್ಯಕ್ಷರು, ಸದರಿ ಸಂಘ
(ಶೃಂಗೇರಿಯ ಮಗಳ ಮನೆಯಿಂದ ವಾಪಸಾದ ಕೂಡಲೇ ಗಮನಕ್ಕೆ)

ವಿಷಯ: ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿದ ಕಾರಣ ನನ್ನ ಮನೆಯ ಹಾಲಿನಲ್ಲಿ ನೀರು ಕಂಡುಬಂದಿದ್ದು; ಆ ಕುರಿತು ವಿವರಣೆ ಮತ್ತು ಒಂದು ಸಣ್ಣ ಕೋರಿಕೆ.

ಉಲ್ಲೇಖ: 1. ಹಾಲಿಗೆ ನೀರು ಬೆರೆಸಿದ ಸದಸ್ಯರ ಹೆಸರನ್ನು ಡೈರಿ ಬಾಗಿಲಿನ ಬೋರ್ಡಿನಲ್ಲಿ ಒಂದು ವಾರ ಬರೆದಿಡಬೇಕೆಂಬ ಸಂಘದ ನಿರ್ಣಯ (ಸೂಚಿಸಿದವರು: ನಾನೇ).
2. ತಮ್ಮ ನಿನ್ನೆಯ ಫೋನು: "ಎಂತ ಮಾಡಿಟ್ಟೆ ಮಾರಾಯ?"

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಫೋನಿನಲ್ಲಿ ಉತ್ತರ ಕೊಡಲು ಬಾಯಿ ಬಾರದ ಕಾರಣ ಬರವಣಿಗೆಯಲ್ಲಿ ತಮ್ಮ ಅವಗಾಹನೆಗೆ ತರುವುದೇನೆಂದರೆ:

1. ಡೈರಿಯ ಲ್ಯಾಪ್‌ಟಾಪು ಮುದಿಯಾಗಿತ್ತು. ಬೆಳಿಗ್ಗೆ ಆನ್ ಮಾಡಿದರೆ, ಹಾಲು ಹಾಕಲು ಬಂದವರು ಊರ ಸುದ್ದಿಯೆಲ್ಲ ಮುಗಿಸಿದ ಮೇಲೆ ಕಣ್ಣು ಬಿಡುತ್ತಿತ್ತು. ಕೊಪ್ಪದಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ನನ್ನ ಸ್ನೇಹಿತ ಸೀತಾರಾಮ, ವಿಂಡೋಸ್ ತೆಗೆದು ಲಿನಕ್ಸ್ ಹಾಕಿದರೆ ಹೊಸದರಂತೆ ಓಡುತ್ತದೆ, ಪುಕ್ಕಟೆ ಬೇರೆ, ಎಂದ. ತಮ್ಮನ್ನು ಕೇಳಬೇಕಿತ್ತು. ಕೇಳದೆ ಮಾಡಿ, ತಾವು ಬಂದ ಮೇಲೆ ತೋರಿಸಿ ಭೇಷ್ ಎನ್ನಿಸಿಕೊಳ್ಳುವ ಆಸೆ ಹುಟ್ಟಿದ ಕಾರಣ ಕೇಳಲಿಲ್ಲ.

2. ಭಾನುವಾರ ಸೀತಾರಾಮನನ್ನು ಮನೆಗೆ ಕರೆಸಿಕೊಂಡೆ. ಲಿನಕ್ಸಿನಲ್ಲಿ ಒಂದು ಅನುಕೂಲವಿದೆ. ಹಾಕುವ ಮೊದಲು ಪೆನ್‌ಡ್ರೈವಿನಿಂದಲೇ ನಡೆಸಿ, ಯಂತ್ರದ ಯಾವ ಭಾಗ ಅದಕ್ಕೆ ಒಗ್ಗುತ್ತದೆ, ಯಾವುದು ಒಗ್ಗುವುದಿಲ್ಲ ಎಂದು ನೋಡಬಹುದು. ನೋಡಿದೆವು. ವೈಫೈ ಒಗ್ಗಿತು. ಬ್ಲೂಟೂತ್ ಮೊದಲು ಹಟ ಮಾಡಿ ಆಮೇಲೆ ಒಗ್ಗಿತು. ಡೈರಿಯಲ್ಲಿ ಹಾಡು ಕೇಳುವವರು ಯಾರೂ ಇಲ್ಲದಿದ್ದರೂ ಸ್ಪೀಕರಿನಲ್ಲಿ ಹಾಡು ಕೇಳಿದೆವು. ಕ್ಯಾಮೆರಾದಲ್ಲಿ ನನ್ನ ಮುಖ ಬಂತು. ಆಗ ಅದು ಬಹಳ ಬುದ್ಧಿವಂತನ ಮುಖವೆಂದೇ ನನಗೆ ಅನ್ನಿಸಿತ್ತು. ಎಲ್ಲದಕ್ಕೂ ಸರಿ ಗುರುತು ಹಾಕಿ, ವಿಂಡೋಸನ್ನು ಪೂರ್ತಿ ಅಳಿಸಿ, ಲಿನಕ್ಸ್ ಹಾಕಿದೆವು.

3. ಹಾಲು ಪರೀಕ್ಷೆಯ ಮಶೀನನ್ನು ಮಾತ್ರ ಜೋಡಿಸಿ ನೋಡಲಿಲ್ಲ. ಅದು ಡೈರಿಯಲ್ಲಿತ್ತು, ನಾವು ಮನೆಯಲ್ಲಿದ್ದೆವು ಎಂಬುದು ಹೇಳಿಕೊಳ್ಳಲು ಒಂದು ಕಾರಣ. ನಿಜವಾದ ಕಾರಣವೆಂದರೆ, ಅದನ್ನು ನಾನು ಕಂಪ್ಯೂಟರಿನ ಸಾಮಾನೆಂದು ಎಣಿಸಿಯೇ ಇರಲಿಲ್ಲ. ದಿನಾ ತೊಳೆದು ಒರೆಸಿಡುವ ನನ್ನ ಲೆಕ್ಕದಲ್ಲಿ ಅದು ಕ್ಯಾನು, ಅಳತೆಯ ಪಾತ್ರೆಗಳ ಜೊತೆಗೆ ಸೇರಿದ್ದು. ಸದರಿ ಲ್ಯಾಪ್‌ಟಾಪಿಗೆ ಈ ಭೂಮಿಯ ಮೇಲಿರುವ ಒಂದೇ ಕೆಲಸ ಆ ಮಶೀನಿನ ಮಾತು ಕೇಳುವುದು ಎಂಬುದು ಹೊಳೆಯಲಿಲ್ಲ.

4. ಸೋಮವಾರ ಬೆಳಿಗ್ಗೆ ಲ್ಯಾಪ್‌ಟಾಪು ಒತ್ತಿದ ಕೂಡಲೇ ಆನ್ ಆಯಿತು. ಮಶೀನಿನ ಸಾಫ್ಟ್‌ವೇರು ವಿಂಡೋಸಿನಲ್ಲಿ ಮಾತ್ರ ನಡೆಯುವಂಥದ್ದಾದ ಕಾರಣ, ಅಲ್ಲಿಂದ ಮುಂದೆ ಏನೂ ಆಗಲಿಲ್ಲ. ಮಶೀನಿನದೇ ಪುಟ್ಟ ಪರದೆ ಹೋದ ಮಳೆಗಾಲದ ಸಿಡಿಲಿಗೆ ಸುಟ್ಟುಹೋಗಿರುವುದು ತಮಗೂ ಗೊತ್ತಿದೆ. ಆದ್ದರಿಂದ ಅಟ್ಟದಲ್ಲಿದ್ದ ಹಳೆಯ ಲ್ಯಾಕ್ಟೋಮೀಟರನ್ನು ಇಳಿಸಿ, ಆ ಗಾಜಿನ ಕಡ್ಡಿಯನ್ನು ಒಬ್ಬೊಬ್ಬರ ಹಾಲಿನಲ್ಲೂ ತೇಲಿಬಿಟ್ಟು ನೋಡತೊಡಗಿದೆ. ನೀರಿದ್ದರೆ ಕಡ್ಡಿ ಮುಳುಗುತ್ತದೆ. ಇಂಥ ತಮಾಷೆ ಕಂಡು ಎಷ್ಟೋ ಕಾಲವಾದ ಕಾರಣ, ಹಾಲು ಹಾಕಿದವರೂ ಮನೆಗೆ ಹೋಗದೆ ಸುತ್ತ ನಿಂತಿದ್ದರು. ಎಲ್ಲರ ಹಾಲಿನಲ್ಲೂ ಕಡ್ಡಿ ಮರ್ಯಾದೆಯಿಂದ ನಿಂತಿತು. ನನ್ನ ಹೆಂಡತಿ ರಮ್ಯ ತಂದ ಹಾಲಿನಲ್ಲಿ ಮುಳುಗಿತು. ಕಡ್ಡಿ ಸರಿಯಿಲ್ಲವೆಂದು ಹೇಳಿ, ಒರೆಸಿ ಮತ್ತೆ ಬಿಟ್ಟೆ. ಮತ್ತೆ ಮುಳುಗಿತು.

5. ಹೋದ ವರ್ಷ ಬೂತಪ್ಪನವರ ಹಾಲಿನಲ್ಲಿ ನೀರು ಕಂಡಾಗ, ಕ್ಯಾನಿನ ಮುಚ್ಚಳ ಸಡಿಲವಾಗಿ ಮಳೆನೀರು ಸೇರಿದೆ ಎಂದು ಅವರು ಎಷ್ಟು ಹೇಳಿದರೂ ಕೇಳದೆ ನಾನು ಹೆಸರು ಬರೆದಿದ್ದೆ. ಸೋಮವಾರ ಅವರೂ ಆ ಗುಂಪಿನಲ್ಲಿದ್ದರು. ಕಿಟಕಿಯಲ್ಲಿದ್ದ ಚಾಕ್‌ಪೀಸ್ ತೆಗೆದು ನನ್ನ ಕೈಗಿಟ್ಟು, "ಬರಿ ಮಾರಾಯ, ನಿನ್ನ ಅಕ್ಷರ ಚಂದ ಇದೆ" ಎಂದರು.

6. ಇದೇನೆಂದು ರಮ್ಯಳನ್ನು ಎಲ್ಲರೆದುರೇ ಕೇಳಿದೆ. ಕೇಳಬಾರದಿತ್ತು. "ನಿನ್ನೆ ನೀವಿಬ್ರೂ ಎಷ್ಟು ಸಲ ಕಾಫಿ ಕೇಳಿದ್ರಿ? ಆ ಹಾಲು ಎಲ್ಲಿಂದ ಬಂತು ಅಂದ್ಕೊಂಡ್ರಿ?" ಎಂದಳು. ನಮ್ಮ ಡೈರಿ ಬೆಳಿಗ್ಗೆ ಒಂದೇ ಹೊತ್ತು ತೆರೆಯುವುದರಿಂದ, ಸಂಜೆ ಕರೆದ ಹಾಲು ಫ್ರಿಜ್ಜಿನಲ್ಲಿದ್ದು ಮರುದಿನದ ಕ್ಯಾನಿಗೆ ಸೇರುತ್ತದೆ. ಭಾನುವಾರದ್ದು ಲಿನಕ್ಸಿಗೆ ಖರ್ಚಾಗಿತ್ತು. ಸೆಕ್ರೆಟರಿ ಮನೆಯ ಹಾಲು ಯಾಕೆ ಕಡಿಮೆ ಎಂದು ನಾಲ್ಕು ಜನ ಕೇಳಿದರೆ ನನಗೆ ಅವಮಾನವೆಂದು ಅವಳು ಚೊಂಬಿನಲ್ಲಿ ನೀರು ಸೇರಿಸಿದ್ದಳು. ನನ್ನ ಮಾನ ಉಳಿಸಲು ಹಾಕಿದ ನೀರು ಅದು. ಬರೆಯುವಾಗಲೂ ನಾಚಿಕೆಯಾಗುತ್ತಿದೆ.

7. ಸದಸ್ಯತ್ವ ರಮ್ಯಳ ಹೆಸರಿನಲ್ಲಿರುವ ಕಾರಣ, ನಿರ್ಣಯದ ಪ್ರಕಾರ ಬೋರ್ಡಿಗೆ ಏರಬೇಕಾದ್ದು ಅವಳ ಹೆಸರು. ಏರಿದರೆ ಇನ್ನೆಂದೂ ಡೈರಿ ಮೆಟ್ಟಿಲು ತುಳಿಯುವುದಿಲ್ಲ ಎಂದಿದ್ದಾಳೆ. ಏರದಿದ್ದರೆ ನಾನು ಬೂತಪ್ಪನವರಿಗೆ ಮುಖ ತೋರಿಸುವಂತಿಲ್ಲ. ಚಾಕ್‌ಪೀಸು ಅಂಗಿ ಜೇಬಿನಲ್ಲೇ ಇದೆ.

ಆದ್ದರಿಂದ, ತಾವು ದಯಮಾಡಿ ನನ್ನನ್ನು ಒಂದು ವಾರದ ಮಟ್ಟಿಗೆ ಸಂಘದ ಸದಸ್ಯನನ್ನಾಗಿ ಸೇರಿಸಿಕೊಂಡು, ಹಾಲಿಗೆ ನೀರು ಬೆರೆಸಿದವನೆಂದು ನನ್ನ ಹೆಸರನ್ನೇ ಬೋರ್ಡಿನಲ್ಲಿ ಬರೆಸಬೇಕಾಗಿ ಪ್ರಾರ್ಥಿಸುತ್ತೇನೆ. ಬರೆಯುವ ಕೆಲಸವನ್ನು ಬೂತಪ್ಪನವರಿಗೇ ವಹಿಸಿದರೆ ನನ್ನ ಆಕ್ಷೇಪಣೆ ಇಲ್ಲ.

ತಮ್ಮ ವಿಶ್ವಾಸ ಇನ್ನೂ ಸ್ವಲ್ಪ ಉಳಿದಿದೆ ಎಂದುಕೊಂಡಿರುವ,
ಯಶವಂತ

ಲಗತ್ತುಗಳು:
1. ಎಲ್ಲದಕ್ಕೂ ಸರಿ ಗುರುತು ಹಾಕಿದ ಪರೀಕ್ಷಾ ಪಟ್ಟಿ.
2. ಪೆನ್‌ಡ್ರೈವ್.
3. ಗುರುವಾರ ಬಂದು ವಿಂಡೋಸ್ ವಾಪಸು ಹಾಕಿಕೊಡುವುದಾಗಿ ಸೀತಾರಾಮನ ಚೀಟಿ (ಕಾಫಿ ಬೇಡವೆಂದು ಅಡಿಗೆರೆ ಎಳೆದು ಬರೆದಿದ್ದಾನೆ).

ವಿ.ಸೂ.: ಸದಸ್ಯನಾಗುವವನ ಹೆಸರಿನಲ್ಲಿ ಹಸು ಇರಬೇಕೆಂದು ಬೈಲಾ ಹೇಳುತ್ತದೆ. ಹಸು ರಮ್ಯಳದು. ಒಂದು ವಾರಕ್ಕೆ ನನ್ನ ಹೆಸರಿಗೆ ಬರೆದುಕೊಡು ಎಂದು ಕೇಳಿದ್ದಕ್ಕೆ, "ನಿಮ್ಮ ಕೈಗೆ ಕೊಟ್ರೆ ಅದಕ್ಕೂ ಎಂತಾದ್ರೂ ಹಾಕ್ತೀರಿ" ಎಂದಳು. ಕಾರಣ, ಹಸು ಇಲ್ಲದವನೂ ಹಾಲಿಗೆ ನೀರು ಬೆರೆಸಬಹುದೆಂದು ಬೈಲಾವನ್ನು ಸಡಿಲಿಸಿಕೊಡಬೇಕಾಗಿ ಕೋರಿಕೆ.