ಸರಪಳಿ ಮಾಸ್ತರನ ಫಜೀತಿ

ಗಣಿತದ ಮಾಸ್ತರರ ಲೆಕ್ಕ ತಪ್ಪಿದರೆ ಕರಿಹಲಗೆ ಒರೆಸಿದರಾಯಿತು. ಆಟದ ಮಾಸ್ತರನ ಲೆಕ್ಕ ತಪ್ಪಿದರೆ ಊರೆಲ್ಲ ನಿಂತು ನೋಡುತ್ತದೆ. ನನ್ನ ನೌಕರಿಯಲ್ಲಿ ಊರವರಿಗೆ ಈ ನೋಟಕ್ಕೆ ಎಂದೂ ಬರ ಬರಲಿಲ್ಲ.

ಎಪ್ಪತ್ತರ ದಶಕದಲ್ಲಿ ನಾನು ಇಂಡಿ ಎಂಬ ಊರಿನ ಒಂದು ಕಾಲೇಜಿನಲ್ಲಿ ಕಬಡ್ಡಿ ಕಲಿಸುತ್ತಿದ್ದೆ. ಅದರಲ್ಲೂ ಅರ್ಧ ಕಬಡ್ಡಿ. ಎದುರಿನವರ ಅಂಕಣಕ್ಕೆ ನುಗ್ಗಿ ಮುಟ್ಟಿ ಬರುವುದನ್ನು ಕಲಿಸಲು ಅರ್ಥಶಾಸ್ತ್ರದ ಪ್ರಾಧ್ಯಾಪಕರೊಬ್ಬರಿದ್ದರು. ನುಗ್ಗಿ ಬಂದವನನ್ನು ಹಿಡಿದು ಕೆಡವುವ ವಿದ್ಯೆ ನನ್ನ ಪಾಲು. ಇಬ್ಬಿಬ್ಬರು ಕೈ ಕೈ ಹಿಡಿದು ಸರಪಳಿಯಾಗಿ ನಿಲ್ಲಬೇಕು, ಮೂಲೆಯವನು ಕಾಲಿಗೆ ಬೀಳಬೇಕು, ಬಿದ್ದ ಮೇಲೆ ಬಿಡಬಾರದು. ಹಾಗಾಗಿ ಊರವರು ನನ್ನನ್ನು ಸರಪಳಿ ಮಾಸ್ತರ ಎಂದು ಕರೆಯುತ್ತಿದ್ದರು. ಮುಟ್ಟಿ ಬಂದವನಿಗೆ ಜನ ಸೀಟಿ ಹೊಡೆಯುತ್ತಾರೆ, ಹಾರ ಹಾಕುತ್ತಾರೆ. ಹಿಡಿದವನ ಮೊಣಕಾಲು ತರಚುತ್ತದೆ, ಅಷ್ಟೇ. ಈ ಅನ್ಯಾಯ ನೆನೆದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

೧. ಅಧ್ಯಕ್ಷರ ಷರತ್ತು

ನಮ್ಮ ಆಡಳಿತ ಮಂಡಳಿಯ ಅಧ್ಯಕ್ಷರು ಶೇಂಗಾ ವ್ಯಾಪಾರಿಗಳು. ಖಾಲಿ ಜಾಗ ಕಂಡರೆ ಅವರಿಗೆ ನಿದ್ದೆ ಹತ್ತುತ್ತಿರಲಿಲ್ಲ. ಒಂದು ಮುಂಜಾನೆ ನಮ್ಮ ಮೈದಾನಕ್ಕೆ ಬಂದು, ಈ ತುದಿಯಿಂದ ಆ ತುದಿಯವರೆಗೆ ಹೆಜ್ಜೆ ಹಾಕಿ ಅಳೆದರು.

"ಮಾಸ್ತರ, ಇಲ್ಲಿ ಕಾಮರ್ಸ್ ಕಟ್ಟಡ ಛಲೋ ಕುಂದರತೈತಿ" ಎಂದರು.

"ಹುಡುಗರು ಆಡಾಕತ್ತಾರಲ್ರಿ" ಎಂದೆ.

"ಆಡ್ತಾರ ಖರೇ, ಒಂದರೆ ಗೆದ್ದಾರೇನ್ರಿ?"

ಗೆದ್ದಿರಲಿಲ್ಲ.

"ಬ್ಯಾಸಿಗಿ ಒಳಗ ಒಂದ ಮ್ಯಾಚ್ ಗೆದ್ದು ತೋರಸ್ರಿ. ಜಾಗ ನಿಮಗ ಇರಲಿ. ಇಲ್ಲಂದ್ರ ಕಟ್ಟಡ ಕಟ್ಟಾಕ ಗೌಂಡಿನ್ನ ಕರಸ್ತೇನಿ" ಎಂದು ಹೊರಟವರು, ಏನೋ ನೆನಪಾಗಿ ತಿರುಗಿ ನಿಂತರು. "ಅಲ್ಲಾ, ನೀವು ಹುಡುಗರಿಗೆ ಕಲಸೂದರೆ ಏನ್ರಿ?"

"ಹಿಡಿಯೂದು ಕಲಸ್ತೇನ್ರಿ."

"ಹಿಡದು?"

"ಬಿಡಬಾರದ್ರಿ."

ಅಧ್ಯಕ್ಷರು ಎರಡು ಹೆಜ್ಜೆ ಹತ್ತಿರ ಬಂದರು. "ಇದನ್ನ ಕಲಸಾಕ ಪಗಾರ ಯಾಕ್ರಿ? ನಮ್ಮ ಮನಿಯಾಗ ನಾಕು ಮಂದಿ ಸೊಸ್ತೇರು ಬಿಟ್ಟಿ ಕಲಸ್ತಾರ."

೨. ಟಗರಿನ ತಾಲೀಮು

ಗೆಲ್ಲಲೇಬೇಕೆಂದು ಅವತ್ತೇ ಹಟ ತೊಟ್ಟೆ. ನಮ್ಮ ಹುಡುಗರ ದೋಷ ನನಗೆ ಗೊತ್ತಿತ್ತು. ಎದುರಿನವನು ಮೈಮೇಲೆ ಬಂದ ಕೂಡಲೇ ಕಣ್ಣು ಮುಚ್ಚಿ ಸರಪಳಿ ಬಿಟ್ಟುಬಿಡುತ್ತಿದ್ದರು. ನುಗ್ಗಿ ಬರುವುದನ್ನು ನೋಡಿ ನೋಡಿ ಹೆದರಿಕೆ ಹೋಗಬೇಕು ಎಂದು, ಊರ ಹೊರಗಿನ ತೋಟದ ಗೌಡರ ಬಳಿ ಹೋಗಿ ಅವರ ಕಾಳಗದ ಟಗರನ್ನು ಕೇಳಿದೆ. ಗೌಡರು ತಾವೇ ಹಗ್ಗ ಹಿಡಿದು ತಂದರು.

ಹುಡುಗರು ಸರಪಳಿ ಕಟ್ಟಿ, ಹೆದರಿಕೆಗೆ ಸೆಟೆದು ನಿಂತರು. ಟಗರು ಅವರನ್ನು ಒಮ್ಮೆ ನೋಡಿ, ಮೈದಾನದ ಕರಿಕೆ ಮೇಯತೊಡಗಿತು. ಸೀಟಿ ಊದಿದೆ, ಚಪ್ಪಾಳೆ ತಟ್ಟಿದೆ, ಅದರ ಮುಂದೆ ನಾನೇ ಕುಣಿದೆ. ಅದು ಕತ್ತು ಎತ್ತಲಿಲ್ಲ.

ಅಷ್ಟರಲ್ಲಿ ಪ್ರಿನ್ಸಿಪಾಲರು ನಮ್ಮ ಅಭ್ಯಾಸ ನೋಡಲು ಬಂದರು. ಮಿತಭಾಷಿಗಳು, ಶುಭ್ರವಾದ ಧೋತರದವರು. ಬರುವಾಗ ಅವರ ಚಪ್ಪಲಿಯ ಉಂಗುಷ್ಟ ಕಿತ್ತು ಬಂತು. ಸರಿಮಾಡಲು ಬಗ್ಗಿದರು. ಟಗರು ಮೇಯುವುದನ್ನು ನಿಲ್ಲಿಸಿತು.

ಮುಂದೆ ನಡೆದದ್ದನ್ನು ನಾನು ವರ್ಣಿಸುವುದಿಲ್ಲ, ಅವರು ದೊಡ್ಡವರು. ಎಲ್ಲರೂ ಕೂಡಿ ಎತ್ತಿ ಕೂಡಿಸಿ ನೀರು ಕೊಟ್ಟೆವು. ಗೌಡರು ಕೈ ಮುಗಿದು ಸಮಜಾಯಿಸಿ ಹೇಳಿದರು:

"ತಪ್ಪು ತಿಳೀಬ್ಯಾಡ್ರಿ ಸಾಹೇಬ್ರ. ನಮ್ಮ ಟಗರು ಭಾಳ ಸಂಭಾವಿತ. ನಿಂತವರ ತಂಟೇಕ ಹೋಗಂಗಿಲ್ಲ. ಬಗ್ಗಿದವರನ್ನ ಅಷ್ಟ ಬಿಡಂಗಿಲ್ಲ."

ಹಿಡಿಯುವವನು ಬಗ್ಗಿ ನಿಲ್ಲಬೇಕೆಂದು ನಾನು ತಿಂಗಳುಗಟ್ಟಲೆ ಬಾಯಿ ನೋಯಿಸಿಕೊಂಡು ಕಲಿಸಿದ್ದೆ. ಅವತ್ತಿನ ಒಂದೇ ಪಾಠದಲ್ಲಿ ಟಗರು ಅದನ್ನೆಲ್ಲ ಮರೆಸಿತು. ಮರುದಿನದಿಂದ ನನ್ನ ಹುಡುಗರೆಲ್ಲ ರಾಷ್ಟ್ರಗೀತೆಗೆ ನಿಂತವರ ಹಾಗೆ ನೆಟ್ಟಗೆ ನಿಂತು ಕಬಡ್ಡಿ ಆಡತೊಡಗಿದರು.

೩. ಪಾದ ಕೈಗೆ ಸಿಕ್ಕಾಗ

ಅವರನ್ನು ಮತ್ತೆ ಬಗ್ಗಿಸುವುದರೊಳಗೆ ಮೊದಲ ಪಂದ್ಯ ಬಂತು, ಬಸವನ ಬಾಗೇವಾಡಿಯಲ್ಲಿ. ಅಲ್ಲಿನ ತಂಡದಲ್ಲಿ ದಾಳಿಗೆ ಬರುವವನು ಹೂವಿನ ಹಿಪ್ಪರಗಿ ಕಡೆಯ, ಸುತ್ತಲಿನ ಮನೆಗಳಿಗೆಲ್ಲ ಗುರುಗಳಾದ ಅಯ್ಯನವರ ಮನೆತನದ ಹುಡುಗ. ಬಲು ಚುರುಕು. ಆದರೆ ನಮ್ಮ ಮೂಲೆಯ ಹುಡುಗನೂ ಅವತ್ತು ಎಲ್ಲಿಲ್ಲದ ಹುರುಪಿನಲ್ಲಿದ್ದ. ಗಿಡುಗ ಎರಗಿದಂತೆ ಎರಗಿ ಆ ಹುಡುಗನ ಪಾದವನ್ನು ಎರಡೂ ಕೈಯಿಂದ ಹಿಡಿದ. ಅಂಥ ಹಿಡಿತವನ್ನು ನಾನು ನನ್ನ ವಯಸ್ಸಿನಲ್ಲೂ ಹಿಡಿದವನಲ್ಲ. ಸಂತೋಷದಿಂದ ಎದ್ದು ನಿಂತೆ.

ಹಿಡಿದವನು ಮರುಕ್ಷಣವೇ ಎರಡೂ ಕೈ ಬಿಟ್ಟು, ಅವನ್ನು ತನ್ನ ಕಣ್ಣಿಗೆ ಒತ್ತಿಕೊಂಡ. ಪಾದ ತನ್ನ ಪಾಡಿಗೆ ತಾನು ನಡುಗೆರೆ ದಾಟಿ ಹೋಯಿತು.

"ಯಾಕೋ ಬಿಟ್ಟಿ?" ಎಂದು ಕೂಗಿದೆ.

"ಬಿಡಲಿಲ್ರಿ ಸರ, ನಮಸ್ಕಾರ ಮಾಡಿದೆ. ಅವರು ನಮ್ಮ ಮನಿ ಅಯ್ಯಾರ್ರಿ. ಪಾದ ಕೈಯಾಗ ಬಂದ ಮ್ಯಾಲ ಸುಮ್ನ ಹೆಂಗ ಇರೂದ್ರಿ?"

ಬೈದು ಪ್ರಯೋಜನವಿರಲಿಲ್ಲ. ಹುಟ್ಟಿದಾಗಿನಿಂದ ಅವ್ವ ಕಲಿಸಿದ್ದನ್ನು ಮಾಸ್ತರ ಮರೆಸಲಾದೀತೇ? ನಾನೂ ಸೋಲು ಒಪ್ಪುವವನಲ್ಲ. ಅರ್ಧ ಆಟದ ಬಿಡುವಿನಲ್ಲಿ ಅವನನ್ನು ಕರೆದು ಹೇಳಿದೆ: "ಈಗ ಹೋಗು. ಮನಸ್ಸು ತುಂಬೂ ಹಂಗ ನಮಸ್ಕಾರ ಮಾಡಿ ಬಾ. ಬಾಕಿ ಇಟಗೋಬ್ಯಾಡ. ಆಮ್ಯಾಲ ಪಾದ ಸಿಕ್ಕರ ಬಿಡಬ್ಯಾಡ."

ಅವನು ಹೋಗಿ ಅಡ್ಡಬಿದ್ದ. ಅದನ್ನು ನೋಡಿ ನಮ್ಮ ಉಳಿದ ಹುಡುಗರೂ ಸಾಲಾಗಿ ಹೋಗಿ ಅಡ್ಡಬಿದ್ದರು. ಅವರ ಹಿಂದೆ ಅಂಪೈರರೂ ಸೀಟಿಯನ್ನು ಕಿಸೆಗೆ ಹಾಕಿಕೊಂಡು ಬಗ್ಗಿದರು. ಆ ಹುಡುಗ ಕೈ ಎತ್ತಿ ಎಲ್ಲರಿಗೂ ಹೇಳಿದ, "ಜಯ ಆಗಲಿ."

ಆಮೇಲೆ ಆಟ ಶುರುವಾಯಿತು. ಆಶೀರ್ವಾದ ನಮ್ಮ ಕಡೆ ಉಳಿಯಿತು, ಪಾಯಿಂಟುಗಳು ಅವರ ಕಡೆ ಹೋದವು.

೪. ಗೆರೆ ತಿಂದ ಕೋಳಿ

ಎರಡನೆಯ ಪಂದ್ಯ ಮುದ್ದೇಬಿಹಾಳದಲ್ಲಿ. ಅವತ್ತು ವಿಪರೀತ ಗಾಳಿ. ಸುಣ್ಣದ ಪುಡಿಯಿಂದ ಎಳೆದ ಗೆರೆ ನಿಲ್ಲಲಿಲ್ಲ, ಬೂದಿಯ ಗೆರೆಯೂ ನಿಲ್ಲಲಿಲ್ಲ. ಅಲ್ಲಿನ ಕಾಲೇಜಿನ ಸಿಪಾಯಿ ಜಾಣ. ಪಕ್ಕದ ಮನೆಯಿಂದ ಜೋಳದ ನುಚ್ಚು ತಂದು ದಪ್ಪಗೆ ಗೆರೆ ಹಾಕಿದ. ನುಚ್ಚು ಗಾಳಿಗೆ ಜಗ್ಗಲಿಲ್ಲ.

ಬಿಡುವಿನಲ್ಲಿ ನಾವೆಲ್ಲ ಚಹಾ ಕುಡಿಯುವಾಗ ಆ ಮನೆಯ ಕೋಳಿ, ತನ್ನ ಮನೆಯ ನುಚ್ಚನ್ನು ಹುಡುಕಿಕೊಂಡು ಬಂದು ಒಂದು ಬದಿಯ ಗೆರೆಯನ್ನೆಲ್ಲ ತಿಂದು ಮುಗಿಸಿತ್ತು. ಯಾರೂ ಗಮನಿಸಲಿಲ್ಲ. ಆಟ ಮುಂದುವರಿದಾಗ ನಮ್ಮ ಸರಪಳಿ ಎದುರಾಳಿಯನ್ನು ಆ ಬದಿಗೇ ನೂಕಿತು. ನಾವು "ಗೆರಿ ದಾಟ್ಯಾನ" ಎಂದೆವು. ಅವರು "ಎಲ್ಲೈತಿ ಗೆರಿ?" ಎಂದರು. ಅಂಪೈರರು ಬಗ್ಗಿ ನೆಲ ನೋಡಿದರು, ಕೋಳಿಯನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು.

"ಮಾಸ್ತರ, ಗೆರಿ ಕೋಳಿ ಹೊಟ್ಟಿಯಾಗೈತಿ. ಅದನ್ನ ಹಿಡಕೊಂಡು ಬರ್ರಿ, ತೀರ್ಪು ಕೊಡ್ತೇನಿ."

ಅವರು ಚೇಷ್ಟೆಗೆ ಅಂದದ್ದು. ನನ್ನ ಹುಡುಗರು ಖರೆ ಎಂದು ತಿಳಿದು ಓಡಿದರು. ಒಂದು ವರ್ಷ ನನ್ನ ಕೈಯಲ್ಲಿ ಹಿಡಿಯುವುದನ್ನು ಕಲಿತವರು, ತಂಡಕ್ಕೆ ತಂಡವೇ ಮೈದಾನದ ತುಂಬ ಆ ಕೋಳಿಯ ಹಿಂದೆ ಬಿದ್ದರು. ಸರಪಳಿ ಕಟ್ಟಿದರು, ಸುತ್ತುವರಿದರು, ಒಬ್ಬರ ಮೇಲೊಬ್ಬರು ಬಿದ್ದರು. ಕೋಳಿ ಸಿಗಲಿಲ್ಲ. ಪಂದ್ಯವನ್ನೂ ಸೋತೆವು. ಮರಳಿ ಬರುವಾಗ ಬಸ್ಸಿನಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರು ನನ್ನ ಹೆಗಲ ಮೇಲೆ ಕೈ ಇಟ್ಟು ಸಮಾಧಾನ ಹೇಳಿದರು:

"ಬ್ಯಾಸರ ಮಾಡ್ಕೋಬ್ಯಾಡ್ರಿ. ಆ ಕೋಳಿ ನಮ್ಮ ಕಾಲೇಜಿಗೆ ಸೇರತಿದ್ರ ದಾಳಿಗೆ ನಾ ತಗೋತೇನಿ."

೫. ಹೊರ್ತಿಯ ಅಣ್ಣತಮ್ಮರು

ಉಳಿದದ್ದು ಒಂದೇ ಪಂದ್ಯ. ನಮ್ಮದೇ ಮೈದಾನದಲ್ಲಿ, ಸಿಂದಗಿಯವರ ಜೊತೆ. ಸೋತರೆ ಮೈದಾನವೂ ಇಲ್ಲ, ನನ್ನ ಸರಪಳಿಯೂ ಇಲ್ಲ. ರಾತ್ರಿಯೆಲ್ಲ ಹೊರಳಾಡಿ ಒಂದು ನಿರ್ಧಾರಕ್ಕೆ ಬಂದೆ.

ನಮ್ಮ ತಂಡದಲ್ಲಿ ಹೊರ್ತಿಯ ಇಬ್ಬರು ಹುಡುಗರಿದ್ದರು, ಅಣ್ಣತಮ್ಮಂದಿರ ಮಕ್ಕಳು. ತೋಳೆಂದರೆ ತೊಲೆ. ಇಬ್ಬರೂ ಕೈ ಕೈ ಹಿಡಿದು ನಿಂತರೆ ಎತ್ತಿನ ಬಂಡಿಯೂ ದಾಟಲಾರದು. ಆದರೆ ಹೊಲದ ನಡುವಿನ ಬದುವಿನ ಜಗಳದಲ್ಲಿ ಎರಡು ಮನೆಗಳ ನಡುವೆ ಮಾತು ಬಿಟ್ಟು ವರ್ಷಗಳಾಗಿದ್ದವು. ಹಾಗಾಗಿ ಇವರು ಆ ಮೂಲೆಗೊಬ್ಬ, ಈ ಮೂಲೆಗೊಬ್ಬ ನಿಲ್ಲುತ್ತಿದ್ದರು. ನಾನು ಬಸ್ಸು ಹಿಡಿದು ಹೊರ್ತಿಗೆ ಹೋದೆ.

ಒಂದೇ ಪಡಸಾಲೆ, ನಡುವೆ ಗೋಡೆ. ಈ ಕಡೆ ಹುಡುಗರ ಅಪ್ಪಂದಿರಲ್ಲಿ ದೊಡ್ಡವನು, ಆ ಕಡೆ ಸಣ್ಣವನು. ನಾನು ದೊಡ್ಡವನ ಕಡೆ ಕುಳಿತು ವಿಷಯ ಹೇಳಿದೆ.

"ನಮ್ಮ ಹುಡುಗ ಮೊದಲ ಕೈ ಚಾಚಂಗಿಲ್ರಿ" ಎಂದ ದೊಡ್ಡವನು.

ಗೋಡೆಯ ಆಚೆಯಿಂದ ಧ್ವನಿ ಬಂತು: "ನಮ್ಮಾಂವನೂ ಚಾಚಂಗಿಲ್ಲ ಅಂತ ಹೇಳ್ರಿ ಮಾಸ್ತರ."

"ಯಾರೂ ಚಾಚೂದು ಬ್ಯಾಡ" ಎಂದೆ. "ನಾನ ಇಬ್ಬರ ಕೈ ಹಿಡದು ಜೋಡಸ್ತೇನಿ."

ಇದಕ್ಕೆ ಇಬ್ಬರೂ ಒಪ್ಪಿದರು. ದೊಡ್ಡವನು ಒಂದು ಮಾತು ಸೇರಿಸಿದ: "ಆದರ ನಮ್ಮಾಂವ ಮೊದಲ ಕೈ ಬಿಟ್ಟಾ ಅಂದ್ರ ಮನಿಗಿ ಬರಬಾರದು." ಗೋಡೆಯ ಆಚೆಯಿಂದಲೂ ಅದೇ ಮಾತು ಬಂತು. ನನಗೆ ಬೇಕಾದದ್ದೂ ಅದೇ ಆಗಿತ್ತು. ಖುಷಿಯಿಂದ ಮಜ್ಜಿಗೆ ಕುಡಿದು ಬಂದೆ.

ಪಂದ್ಯದ ದಿನ ಅಧ್ಯಕ್ಷರು ಗೌಂಡಿಯನ್ನು ಕರೆದುಕೊಂಡೇ ಬಂದಿದ್ದರು. ಅವನ ಕೈಯಲ್ಲಿ ದಾರ, ಬಗಲಲ್ಲಿ ಗೂಟ. ಹೊರ್ತಿಯ ಅಣ್ಣತಮ್ಮರು ಬಂದು ಮೈದಾನದ ಆಚೆಗೊಬ್ಬ, ಈಚೆಗೊಬ್ಬ ನಿಂತರು. ನಾನು ಪುರೋಹಿತನ ಹಾಗೆ ಹುಡುಗರ ಕೈ ಜೋಡಿಸಿದೆ. ಅವರು ಒಬ್ಬರ ಮುಖ ಒಬ್ಬರು ನೋಡದೆ ಹಿಡಿದುಕೊಂಡರು.

ಹಿಡಿದವರು ಬಿಡಲೇ ಇಲ್ಲ. ಬಿಡುವಿನಲ್ಲಿ ಒಬ್ಬ ಎಡಗೈಯಲ್ಲಿ ನೀರು ಕುಡಿದ, ಇನ್ನೊಬ್ಬ ಬಲಗೈಯಲ್ಲಿ ಬೆವರು ಒರೆಸಿಕೊಂಡ. ಪುಣ್ಯಕ್ಕೆ ಇಬ್ಬರಲ್ಲಿ ಯಾರೂ ಔಟಾಗಲಿಲ್ಲ. ಕೊನೆಗೆ ನಾವು ಒಂದು ಪಾಯಿಂಟು ಮುಂದಿದ್ದೆವು. ಸಿಂದಗಿಯ ಹುಡುಗ ಕಟ್ಟಕಡೆಯ ದಾಳಿಗೆ ಬಂದ. ಇವರಿಬ್ಬರೂ ಅವನನ್ನು ಸುತ್ತಿ, ಇನ್ನೊಂದು ಬದಿಯ ಕೈಗಳನ್ನೂ ಗಂಟು ಹಾಕಿದರು. ಅವನು ನಡುವೆ ಸಿಕ್ಕಿಕೊಂಡ. ಅವನ ಉಸಿರು ಮುಗಿಯಿತು, ಅಂಪೈರರು ಸೀಟಿ ಊದಿದರು. ನಾವು ಗೆದ್ದೆವು.

ಅಧ್ಯಕ್ಷರು "ದಾರ ಸುತ್ತಪಾ" ಎಂದರು ಗೌಂಡಿಗೆ. ನಾನು ಗಂಡಸಾಗಿ ಎಲ್ಲರೆದುರು ಅತ್ತೆ. ನಾಚಿಕೆಯಾಗಲಿಲ್ಲ.

ಕಣ್ಣು ಒರೆಸಿಕೊಂಡು ನೋಡುತ್ತೇನೆ, ಅವರಿಬ್ಬರೂ ಇನ್ನೂ ಹಿಡಿದೇ ನಿಂತಿದ್ದಾರೆ. ನಡುವೆ ಸಿಂದಗಿಯ ಹುಡುಗ.

"ಆಟ ಮುಗೀತು, ಬಿಡ್ರೋ" ಎಂದೆ.

"ಬಿಡಬ್ಯಾಡ" ಎಂದು ಆ ಕಡೆಯಿಂದ ದೊಡ್ಡವನು ಕೂಗಿದ. "ಬಿಟ್ಟೀದಿ ನೋಡು" ಎಂದು ಈ ಕಡೆಯಿಂದ ಸಣ್ಣವನು.

ಇಬ್ಬರೂ ಒಟ್ಟಿಗೇ ಬಿಡಲಿ ಎಂದು ನಾನು ಒಂದು, ಎರಡು, ಮೂರು ಎಣಿಸಿದೆ. ಮೂರಕ್ಕೆ ಯಾರೂ ಬಿಡಲಿಲ್ಲ, ಇನ್ನೊಬ್ಬ ಬಿಡಲಿ ಎಂದು ಇಬ್ಬರೂ ಕಾದರು. ಅಂಪೈರರು ಎಣಿಸಿದರು. ಅಧ್ಯಕ್ಷರು ಶೇಂಗಾ ಚೀಲ ಎಣಿಸುವ ದನಿಯಲ್ಲಿ ಎಣಿಸಿದರು. ಜನ ಮನೆಗೆ ಹೋಗತೊಡಗಿದರು. ಹೊರ್ತಿಯ ಅಣ್ಣತಮ್ಮರು ಹತ್ತಿರ ಬಂದು, ವರ್ಷಗಳ ಮೇಲೆ ಮೊದಲ ಸಲ ನೇರವಾಗಿ ಬೈದಾಡತೊಡಗಿದರು. ನೀ ಬದು ಒತ್ತಿದಿ, ನೀ ಕಲ್ಲು ಕಿತ್ತಿದಿ.

ಸಿಂದಗಿಯ ಹುಡುಗ ಬಹಳ ಹೊತ್ತು ತಾಳಿಕೊಂಡ. ಆಮೇಲೆ ಇಬ್ಬರು ಹಿರಿಯರ ಕಡೆಗೂ ನೋಡಿ, ತಗ್ಗಿದ ದನಿಯಲ್ಲಿ ಹೇಳಿದ:

"ಕಾಕಾ, ಹೊಲದಾಗಿನ ಬದು ಎಲ್ಲೆರೆ ಇರಲ್ರಿ. ಸದ್ಯಕ್ಕ ನಿಮ್ಮ ಎರಡೂ ಮನಿ ನಡುವಿನ ಬದು ನಾನ ಆಗೇನಿ. ಈ ಬದುವಿಗೆ ಸಿಂದಗಿ ಬಸ್ಸು ಸಿಗಬೇಕ್ರಿ."

ದೊಡ್ಡವನಿಗೆ ನಗು ತಡೆಯಲಾಗಲಿಲ್ಲ. ಅವನು ನಕ್ಕದ್ದು ನೋಡಿ ಸಣ್ಣವನೂ ನಕ್ಕ, ಅಪ್ಪಂದಿರು ನಕ್ಕದ್ದು ನೋಡಿ ಹುಡುಗರೂ ನಕ್ಕರು, ನಗುವಿನಲ್ಲಿ ಕೈ ಸಡಿಲಾದವು. ಸಿಂದಗಿಯ ಹುಡುಗ ಬಸ್ ಸ್ಟ್ಯಾಂಡಿನ ಕಡೆ ಓಡಿದ.

ಯಾರ ಕೈ ಮೊದಲು ಬಿಟ್ಟಿತೆಂದು ಎರಡೂ ಮನೆಯವರು ನನ್ನನ್ನು ಇವತ್ತಿಗೂ ಕೇಳುತ್ತಾರೆ. ನಾನು ನೋಡಿದ್ದೇನೆ. ಆದರೆ ಹೇಳುವುದಿಲ್ಲ. ಹೊರ್ತಿಯಲ್ಲಿ ನನಗೆ ಎರಡೂ ಮನೆಯ ಮಜ್ಜಿಗೆ ಬೇಕು.