ಹೆಂಡತಿಯ ಮಂಗ, ನನ್ನ ಲಾರಿ

ಇನ್ನೊಬ್ಬರ ತಪ್ಪನ್ನು ಎತ್ತಿ ತೋರಿಸುವುದರಲ್ಲಿ ಊಟವಾದ ಮೇಲೆ ಎಲೆ ಹಾಕಿಕೊಂಡಷ್ಟು ಸುಖವಿದೆ. ಈ ಸುಖವನ್ನು ನಾನು ಇಪ್ಪತ್ತೆರಡು ವರ್ಷಗಳಿಂದ, ಸಂಬಳ ತೆಗೆದುಕೊಂಡೇ, ಅನುಭವಿಸುತ್ತ ಬಂದಿದ್ದೇನೆ. ಕಲಬುರಗಿಯ ಒಂದು ಕಾಲೇಜಿನಲ್ಲಿ ಕನ್ನಡ ಮೇಷ್ಟ್ರು ನಾನು. ಸಾಲದ್ದಕ್ಕೆ ಹತ್ತನೇ ತರಗತಿಯ ಮಕ್ಕಳಿಗೆಂದು ಒಂದು ಕನ್ನಡ ಗೈಡನ್ನೂ ಬರೆದಿದ್ದೇನೆ. ಅದರ ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಹೀಗಿದೆ: ‘ಈ ಪುಸ್ತಕದ ಯಾವ ಪುಟವನ್ನೂ ಝೆರಾಕ್ಸ್ ಮಾಡಕೂಡದು. ಅದು ಕಳ್ಳತನ.’ ಇಡೀ ಪುಸ್ತಕದಲ್ಲಿ ನಾನು ಮನಸ್ಸಿಟ್ಟು ಬರೆದ ವಾಕ್ಯ ಅದೊಂದೇ ಎಂದು ನನ್ನ ಹೆಂಡತಿ ಹೇಳುತ್ತಾಳೆ.

ಹೆಂಡತಿ ಸುವರ್ಣಾ ಕಮಲಾಪುರದ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ದಿನಾ ಬೆಳಿಗ್ಗೆ ಬಸ್ಸು ಹತ್ತಿ ಹೋಗುತ್ತಾಳೆ, ಸಂಜೆ ಬಸ್ಸಿಳಿದು ಬರುತ್ತಾಳೆ. ಬಸ್ಸಿನಲ್ಲಿ ಬೇರೆ ಟೀಚರುಗಳು ಶೇಂಗಾ ಸುಲಿಯುತ್ತಾರೆ, ಸೊಸೆಯಂದಿರ ಬಗ್ಗೆ ಮಾತಾಡುತ್ತಾರೆ. ಇವಳು ಮಾತ್ರ ಅಂಗೈಯಗಲದ ಒಂದು ಗೇಮ್ ಯಂತ್ರ ಹಿಡಿದು ಕೂಡುತ್ತಾಳೆ. ತನ್ನ ತಮ್ಮ ಬಳಸಿ ಬಿಟ್ಟದ್ದನ್ನು ಅವನಿಗೆ ರೊಕ್ಕ ಕೊಟ್ಟೇ ತೆಗೆದುಕೊಂಡಿದ್ದಾಳೆ. ಮೊದಮೊದಲು ನನಗೆ ನಾಚಿಕೆಯಾಗುತ್ತಿತ್ತು. ಐವತ್ತರ ಹತ್ತಿರದ ಹೆಂಗಸು, ಮೂಗಿನ ತುದಿಯಲ್ಲಿ ಕನ್ನಡಕ, ಎರಡೂ ಹೆಬ್ಬೆರಳಿನಿಂದ ಗುಂಡಿ ಒತ್ತುತ್ತ ಬಸ್ಸಿನಲ್ಲಿ ಕೂತರೆ ಜನ ಏನಂದಾರು ಎಂದು. ಜನ ಏನೂ ಅನ್ನಲಿಲ್ಲ. ಕಂಡಕ್ಟರ್ ಮಾತ್ರ ಒಮ್ಮೆ ಇವಳು ಗೆಲ್ಲುವವರೆಗೆ ಟಿಕೆಟ್ ಕೇಳದೆ ನಿಂತಿದ್ದನಂತೆ.

ತಕರಾರು ಶುರುವಾದದ್ದು ಅವಳೇ ಒಂದು ಆಟ ಬರೆದಾಗ. ಎಂಟನೇ ತರಗತಿಯ ಹುಡುಗಿಯರಿಗೆ ಭಿನ್ನರಾಶಿ ತಲೆಗೆ ಹೋಗುತ್ತಿರಲಿಲ್ಲ. ಅದಕ್ಕೆಂದು ಅಂತರ್ಜಾಲ ನೋಡಿ ನೋಡಿ ಕಲಿತು, ಎಂಟು ತಿಂಗಳು ಕೂತು, ಮಂಗಗಳಿಗೆ ಕೆಂಪು ಬಾಳೆಹಣ್ಣು ಹಂಚುವ ಆಟ ಮಾಡಿದಳು. ಶುರುವಿಗೆ ಮೂರು ಮಂಗ, ನಾಲ್ಕು ಹಣ್ಣು, ಮುಂದೆ ಹೋದಂತೆ ಒಂದೊಂದೇ ಮಂಗ ಹೆಚ್ಚುತ್ತದೆ. ಸರಿಯಾಗಿ ಹಂಚಿದರೆ ಮಂಗ ಕುಣಿಯುತ್ತದೆ. ತಪ್ಪಿದರೆ ಬೆನ್ನು ತಿರುಗಿಸಿ ಕೂತುಬಿಡುತ್ತದೆ. ಆದರೆ ಕಂಪನಿಯವರು ಯಂತ್ರಕ್ಕೊಂದು ಕೀಲಿ ಹಾಕಿರುತ್ತಾರೆ. ಅವರು ಮಾರಿದ ಆಟ ಬಿಟ್ಟು ಬೇರೆಯದು ಅದರಲ್ಲಿ ನಡೆಯುವುದಿಲ್ಲ. ಯಂತ್ರವನ್ನು ಒಳಗಿಂದ ನಡೆಸುವ ಫರ್ಮ್‌ವೇರ್ ಎಂಬ ಪ್ರೋಗ್ರಾಮನ್ನು ತೆಗೆದು, ಹವ್ಯಾಸಿಗಳು ಬರೆದ ಇನ್ನೊಂದನ್ನು ಕೂಡಿಸಿದರೆ ಮಾತ್ರ ಮನೆಯಲ್ಲಿ ಮಾಡಿದ ಆಟ ನಡೆಯುತ್ತದೆ. ಇಂಥ ಮನೆಯಾಟಕ್ಕೆ ಹೋಂಬ್ರೂ ಎನ್ನುತ್ತಾರೆ. ಶಹಾಬಜಾರಿನ ಗಲ್ಲಿಯಲ್ಲಿ ರೇಡಿಯೋ ಕಾಲದಿಂದ ರಿಪೇರಿ ಅಂಗಡಿ ಇಟ್ಟಿರುವ ಖಲೀಲ್ ಭಾಯಿ ಒಂದು ಮಧ್ಯಾಹ್ನ ಕೂತು ಆ ಕೆಲಸ ಮಾಡಿಕೊಟ್ಟರು. ಅವರದ್ದೊಂದು ನಿಯಮವಿದೆ: ಕೀಲಿ ತೆಗೆದು ಕೊಡುತ್ತಾರೆ, ಕದ್ದ ಆಟ ತುಂಬಿಕೊಡುವುದಿಲ್ಲ.

ನಾನು ಬಿಡುತ್ತೇನೆಯೇ. ಕೀಲಿ ಒಡೆದ ಮನೆಗೆ ಯಾರು ಬೇಕಾದರೂ ನುಗ್ಗುತ್ತಾರೆ, ಇವತ್ತು ನಿನ್ನ ಮಂಗ ಬಂದಿತು, ನಾಳೆ ಲೋಕದ ಕದ್ದ ಮಾಲೆಲ್ಲ ಬರುತ್ತದೆ, ಹೋಂಬ್ರೂ ಎನ್ನುವುದು ಪೈರಸಿಗೆ ತೊಡಿಸಿದ ಮಡಿಬಟ್ಟೆ ಎಂದು ರೊಟ್ಟಿ ಮುರಿಯುತ್ತ ಒಂದು ವಾರ ಉಪನ್ಯಾಸ ಕೊಟ್ಟೆ. ಸುವರ್ಣಾ ಎಲ್ಲ ಕೇಳಿಸಿಕೊಂಡು ಒಂದೇ ಮಾತು ಹೇಳಿದಳು: “ಯಂತ್ರ ನಂದು, ಆಟ ನಾ ಬರದದ್ದು. ನಡುವ ಕೀಲಿ ಹಾಕ್ಲಿಕ್ಕ ಅಂವ ಯಾರ್ರೀ? ಕದಿಯೋರು ಕದೀತಾರಂತ ನಾ ನನ್ನ ಮನೀಗಿ ಹೋಗಬಾರದೇನು?” ಪಲ್ಯಕ್ಕೆ ಉಪ್ಪು ಕಮ್ಮಿಯಾಗಿದೆ ಎಂದೆ.

ಇನ್ನು ನನ್ನ ತಪ್ಪೊಪ್ಪಿಗೆ. ನನಗೆ ಸ್ಕೂಟರ್ ಓಡಿಸಲು ಬರುವುದಿಲ್ಲ. ಸೂಪರ್ ಮಾರ್ಕೆಟ್ಟಿನ ಸರ್ಕಲ್ಲನ್ನು ನಡೆದು ದಾಟುವಾಗಲೂ ಯಾರಾದರೂ ಹೆಣ್ಣುಮಕ್ಕಳು ದಾಟುತ್ತಿದ್ದರೆ ಅವರ ಮರೆಯಲ್ಲಿ ದಾಟುವವನು ನಾನು. ಇಂಥವನಿಗೆ ಕಾಲೇಜಿನ ಭೌತಶಾಸ್ತ್ರದ ಮೇಷ್ಟ್ರು ಲಾರಿ ಓಡಿಸುವ ಆಟವೊಂದನ್ನು ತೋರಿಸಿದರು. ಹದಿನಾರು ಗಾಲಿಯ ಲಾರಿ, ಹಿಮ ಬಿದ್ದ ಘಾಟಿ ರಸ್ತೆ, ಬೇಕಾದಷ್ಟು ಹಾರ್ನು. ಒಮ್ಮೆ ಓಡಿಸಿದವನಿಗೆ ಅದರ ಗುಂಗು ಬಿಡಲಿಲ್ಲ. ಆಟ ಕದ್ದದ್ದೆಂದು ಅವರೇ ಹೇಳಿದರು. ಒಂದೇ ಒಂದು ಲಾರಿಯಿಂದ ಯಾವ ಕಂಪನಿಯೂ ಮುಳುಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ನನ್ನ ಗೈಡು ಝೆರಾಕ್ಸ್ ಮಾಡಿದವರೂ ಇದೇ ಮಾತು ಹೇಳಿದ್ದರು, ಅದು ಆಗ ನೆನಪಾಗಲಿಲ್ಲ.

ಗುರುವಾರ ಸುವರ್ಣಾ ಯಂತ್ರವನ್ನು ಚಾರ್ಜಿಗೆ ಹಾಕಿ ಮನೆಯಲ್ಲೇ ಬಿಟ್ಟುಹೋಗಿದ್ದಳು. ಅದನ್ನು ಕಾಲೇಜಿಗೆ ಒಯ್ದು ಲಾರಿ ತುಂಬಲು ಕೂತೆ. ಯಂತ್ರದ ಮೆಮೊರಿ ಕಾರ್ಡಿನಲ್ಲಿ ಜಾಗ ಸಾಲದು ಎಂದಿತು. ಬರೀ ಅಂಕಿಗಳೇ ಹೆಸರಾಗಿದ್ದ ಒಂದು ಫೋಲ್ಡರ್ ಕಂಡಿತು. ಇಂಥ ಹೆಸರಿನ ವಸ್ತು ಯಾರಿಗೆ ಬೇಕಾಗಿರುತ್ತದೆ ಎಂದು ಅಳಿಸಿದೆ. ಲಾರಿ ಬಂದಿತು, ಒಂದು ತಾಸು ಓಡಿತು. ಆಮೇಲೆ ಮಂಗ ಹೇಗಿವೆ ನೋಡೋಣವೆಂದು ಹುಡುಕಿದರೆ ಮಂಗ ಇರಲಿಲ್ಲ. ಆಟ ಬರೆದ ಲ್ಯಾಪ್‌ಟಾಪು ಹೋದ ವಾರವಷ್ಟೇ ಸುಟ್ಟುಹೋಗಿತ್ತು. ಲೋಕದಲ್ಲಿ ಅದರ ಪ್ರತಿ ಇದ್ದದ್ದು ಆ ಕಾರ್ಡಿನಲ್ಲಿ ಮಾತ್ರ. ಶನಿವಾರ ಆಡಿಸುತ್ತೇನೆಂದು ಅವಳು ಹುಡುಗಿಯರಿಗೆ ಮಾತು ಕೊಟ್ಟಾಗಿತ್ತು. ಕೀಲಿ ಒಡೆದ ಮನೆಗೆ ಕಳ್ಳ ನುಗ್ಗುತ್ತಾನೆ ಎಂಬ ನನ್ನ ವಾದವನ್ನು ನಾನೇ ಸಾಬೀತು ಮಾಡಿದ್ದೆ.

ಅಲ್ಲಿಂದ ನೇರವಾಗಿ ಖಲೀಲ್ ಭಾಯಿಯ ಅಂಗಡಿಗೆ ಓಡಿದೆ. ಅವರು ಕಾರ್ಡನ್ನು ಕಂಪ್ಯೂಟರಿಗೆ ಹಚ್ಚಿ ನೋಡಿದರು, ಕನ್ನಡಕ ತೆಗೆದು ನನ್ನನ್ನೂ ನೋಡಿದರು. “ಬರೇ ಅಳಿಸಿದ್ರ ವಾಪಸ್ ತೆಗೀತಿದ್ದೆ ಸರ್. ಅದರ ಮ್ಯಾಲ ನೀವು ಲಾರಿ ನಿಲ್ಲಿಸೀರಿ,” ಎಂದರು. ಯಾರಾದರೂ ಕೇಳದೆ ಕಾಪಿ ಮಾಡಿಕೊಂಡಿದ್ದರೆ ಮಾತ್ರ ಉಳಿದಿರುತ್ತದೆ, ಅಲ್ಲಾ ನಿಮಗೆ ಅಂಥ ಒಬ್ಬ ಕಳ್ಳನನ್ನು ಕೊಡಲಿ ಎಂದೂ ಹರಸಿದರು. ದಾರಿಯುದ್ದಕ್ಕೂ ನಾನೂ ನಮ್ಮೂರ ದೇವರು ಶರಣಬಸಪ್ಪನಿಗೆ ಅದನ್ನೇ ಬೇಡಿಕೊಂಡೆ. ನಮ್ಮ ಮನೆಯಲ್ಲಿ ಕಳ್ಳತನ ಆಗಿರಲಪ್ಪಾ ಎಂದು ಬೇಡಿದ ಭಕ್ತ ಅವನಿಗೂ ಹೊಸಬನಿರಬೇಕು.

ಆಗ ಶರಣಪ್ಪ ನೆನಪಾದ. ಕಮಲಾಪುರದ ಬಸ್ ಸ್ಟ್ಯಾಂಡ್ ಎದುರಿಗೆ ಅವನದು ಝೆರಾಕ್ಸ್ ಅಂಗಡಿ. ಆಟ ಆಡುವುದು ಹೇಗೆಂಬ ಸೂಚನೆಯ ಹಾಳೆಯನ್ನು ಅದೇ ಕಾರ್ಡಿನಿಂದ ಅವನ ಹತ್ತಿರವೇ ಪ್ರಿಂಟ್ ಹಾಕಿಸಿದೆ ಎಂದು ಸುವರ್ಣಾ ಹೇಳಿದ್ದಳು. ಅವನ ನನ್ನ ಪರಿಚಯ ಹಳೆಯದು. ಎರಡು ವರ್ಷದ ಹಿಂದೆ ಅವನ ಅಂಗಡಿಯಲ್ಲಿ ನನ್ನ ಗೈಡಿನ ಝೆರಾಕ್ಸ್ ಪ್ರತಿಗಳನ್ನು ಹಿಡಿದು ಬಸ್ ಸ್ಟ್ಯಾಂಡಿಗೆಲ್ಲ ಕೇಳುವ ಹಾಗೆ ಕಳ್ಳ ಎಂದು ಕೂಗಾಡಿ ಬಂದಿದ್ದೆ. ಪುಸ್ತಕ ತಂದುಕೊಟ್ಟವರು ಯಾರೆಂದು ಮಾತ್ರ ಅವನು ಬಾಯಿ ಬಿಟ್ಟಿರಲಿಲ್ಲ.

ಶುಕ್ರವಾರ ಬೆಳಿಗ್ಗೆ, ಶನಿವಾರಕ್ಕೆ ಪೂರ್ತಿ ಚಾರ್ಜ್ ಇರಲಿ ಎಂದು ಯಂತ್ರವನ್ನು ಮನೆಯಲ್ಲೇ ಬಿಡಿಸಿದೆ. ಅವಳು ಹೋದ ಮೇಲೆ ಕಾಲೇಜಿಗೆ ಹೊಟ್ಟೆನೋವೆಂದು ತಿಳಿಸಿ, ಯಂತ್ರ ಹಿಡಿದು ಹುಮನಾಬಾದ್ ಬಸ್ಸು ಹತ್ತಿದೆ. ಶಾಲೆಯಲ್ಲಿ ಪಾಠ ನಡೆಯುವ ಹೊತ್ತು ನೋಡಿ ಕಮಲಾಪುರದಲ್ಲಿ ಇಳಿದೆ. ಶರಣಪ್ಪ ನನ್ನನ್ನು ಕಂಡವನೇ ಗೈಡಿನ ಕಟ್ಟಿನ ಮೇಲೆ ಟವೆಲ್ ಎಳೆದ. ನಾನು ಟವೆಲ್ ಕಡೆ ನೋಡದೆ, ದನಿ ತಗ್ಗಿಸಿ, ಟೀಚರ ಕಾರ್ಡನ್ನೇನಾದರೂ ಕಾಪಿ ಮಾಡಿಕೊಂಡಿದ್ದೀಯಾ ಎಂದು ಕೇಳಿದೆ. ಅವನು ಗಾಬರಿಯಾಗಿ ಇಲ್ಲವೇ ಇಲ್ಲ ಎಂದು ಆಣೆ ಮಾಡಿದ. ಮಾಡಿಕೊಂಡಿದ್ದರೆ ನಿನ್ನ ಕಾಲು ಹಿಡಿಯುತ್ತೇನೆ ಎಂದೆ. ಆಗ ಅವನ ಮುಖ ಅರಳಿತು.

“ಬಂದ ಕಾರ್ಡೆಲ್ಲಾ ಕಾಪಿ ತಗೊಂಡೇ ಇಡ್ತೀನ್ರೀ ಸರ,” ಎಂದ. “ಮಂದಿ ಇವತ್ತ ಪ್ರಿಂಟ್ ಹಾಕಸ್ತಾರ, ನಾಳಿ ಕಳಕೊಂಡು ನನ್ನ ಮುಂದ ಬಂದು ಅಳ್ತಾರ. ಅಳೋರ್ನ ನೋಡ್ಲಿಕ್ಕಾಗಂಗಿಲ್ಲ ನನಗ.”

ಕಂಪ್ಯೂಟರಿನಲ್ಲಿ ‘ಹೈಸ್ಕೂಲ್ ಗಣಿತ ಟೀಚರ್’ ಎಂಬ ಫೋಲ್ಡರ್ ತೆರೆದ. ಮಂಗಗಳಿದ್ದವು. ನಿಜ ಹೇಳುತ್ತೇನೆ, ಕಣ್ಣಲ್ಲಿ ನೀರು ಬಂತು. ಅವುಗಳ ಪಕ್ಕದಲ್ಲೇ ಇನ್ನೊಂದು ಫೈಲ್ ಇತ್ತು. ನೋಡಿದರೆ ನನ್ನ ಗೈಡು, ಒಂದೊಂದೇ ಪುಟವಾಗಿ ಫೋಟೋ ತೆಗೆದದ್ದು. ನಲವತ್ತನೇ ಪುಟದಲ್ಲಿ ನಾನೇ ಚೆಲ್ಲಿದ ಚಹಾದ ಕಲೆ, ಅಂಚಿನಲ್ಲಿ ನಾನೇ ಪೆನ್ಸಿಲಿನಲ್ಲಿ ಮಾಡಿದ ತಿದ್ದುಪಡಿ. ಅದು ನನ್ನ ಮೇಜಿನ ಮೇಲಿನ ಪ್ರತಿ. ಎರಡು ವರ್ಷ ನಾನು ಊರೆಲ್ಲ ಹುಡುಕಿದ ಕಳ್ಳಿ ದಿನಾ ನನಗೆ ಡಬ್ಬಿ ಕಟ್ಟಿಕೊಡುತ್ತಿದ್ದಳು. ರೊಕ್ಕ ಕೊಟ್ಟ ಕಲಬುರಗಿಯ ಮಕ್ಕಳು ತಪ್ಪು ಓದುತ್ತಿದ್ದಾರೆ, ಕದ್ದು ಓದಿದ ಕಮಲಾಪುರದ ಹುಡುಗಿಯರ ಹತ್ತಿರ ತಿದ್ದಿದ ಪ್ರತಿ ಇದೆ. ಇದನ್ನು ಯಾರು ಕೊಟ್ಟರು ಎಂದು ಸುಮ್ಮನೆ ಕೇಳಿದೆ.

“ಗಿರಾಕಿ ಹೆಸರು ಹೇಳಂಗಿಲ್ರೀ. ನೀವು ಬಂದಿದ್ರಿ ಅಂತ ಟೀಚರಿಗೂ ಹೇಳಂಗಿಲ್ಲ,” ಎಂದ ಶರಣಪ್ಪ.

ಲಾರಿ ತೆಗೆದು ಮಂಗ ತುಂಬಿಸಿಕೊಂಡೆ. ಹಗುರಾಗಿ ಬಸ್ ಸ್ಟ್ಯಾಂಡಿಗೆ ಬಂದು, ಅರ್ಧ ಡಜನ್ ಕೆಂಪು ಬಾಳೆಹಣ್ಣು ಕೊಂಡು ಬಸ್ಸು ಹತ್ತಿದೆ. ಕಮಲಾಪುರಕ್ಕೆ ಹೋದ ಕಲಬುರಗಿಯವನು ಕೆಂಪು ಬಾಳೆ ಇಲ್ಲದೆ ಮರಳಿದ ಉದಾಹರಣೆ ನಮ್ಮ ವಂಶದಲ್ಲಿಲ್ಲ. ಕೈಗೆ ಅದು ರೂಢಿ, ತಲೆಯನ್ನು ಕೇಳುವುದೇ ಇಲ್ಲ. ಸಂಜೆ ಸುವರ್ಣಾ ಮನೆಗೆ ಬಂದು ಚಪ್ಪಲಿ ಬಿಡುವಾಗಲೇ ಮೇಜಿನ ಮೇಲಿನ ಹಣ್ಣು ನೋಡಿದಳು. ನಾನೂ ಆಗಷ್ಟೇ ನೋಡಿದೆ. ಅವಳು ಯಂತ್ರ ಹಚ್ಚಿ ಕೊನೆಯವರೆಗೆ ಆಡಿದಳು. ಲ್ಯಾಪ್‌ಟಾಪು ಸುಡುವ ಮುಂಚಿನ ದಿನ ಅವಳು ಸೇರಿಸಿದ್ದ ಏಳನೇ ಮಂಗ ಶರಣಪ್ಪನ ಹಳೆಯ ಪ್ರತಿಯಲ್ಲಿ ಇರಲಿಲ್ಲ.

“ಕಡೀ ಮಂಗ ಎಲ್ಲಿ ಹೋತ್ರೀ?” ಎಂದಳು.

ಎಲ್ಲ ಹೇಳಿದೆ. ಲಾರಿ, ಹಿಮ, ಖಲೀಲ್ ಭಾಯಿ, ಹೊಟ್ಟೆನೋವು. ಶರಣಪ್ಪನ ಅಂಗಡಿಯ ತನಕ ಬಂದು, ಇನ್ನೊಂದು ಫೈಲಿನ ಸುದ್ದಿ ಎತ್ತಲೋ ಬೇಡವೋ ಎಂದು ತಡವರಿಸಿದೆ. ನನಗೆ ನಿಜಕ್ಕೂ ನಾಚಿಕೆಯಾಯಿತು. ಅವಳು, ಏಳನೇ ಮಂಗವನ್ನು ನಾಳೆ ಬೋರ್ಡಿನ ಮೇಲೆ ಬಿಡಿಸುತ್ತೇನೆ ಎಂದು ಎದ್ದಳು. ತನ್ನ ಚೀಲದಿಂದ ನೋಟ್‌ಬುಕ್ಕಿನ ಎರಡು ಹಾಳೆ ತೆಗೆದು ನನ್ನ ಮುಂದಿಟ್ಟಳು. ದುಂಡನೆಯ ಅಕ್ಷರದಲ್ಲಿ ನನ್ನ ಪೆನ್ಸಿಲಿಗೂ ಸಿಗದ ನನ್ನ ಗೈಡಿನ ಮೂವತ್ತೊಂದು ತಪ್ಪುಗಳಿದ್ದವು, ಪುಟ ಸಂಖ್ಯೆ ಸಹಿತ. “ನಮ್ಮ ಹತ್ತನೇ ಕ್ಲಾಸಿನ ಹುಡುಗ್ಯಾರು ಹುಡುಕ್ಯಾರ. ಕೊಡೋದು ಹ್ಯಾಂಗಂತ ತಿಂಗಳಾತು ಯೋಚನೆ ಮಾಡಾಕತ್ತಿದ್ದೆ,” ಎಂದು ಹೇಳಿ ಬಾಳೆಹಣ್ಣು ಸುಲಿದಳು.

ಗೈಡಿನ ಹೊಸ ಮುದ್ರಣ ಈಗ ಬಂದಿದೆ. ಮೂವತ್ತೊಂದು ತಿದ್ದುಪಡಿಯನ್ನೂ ಒಂದಕ್ಷರ ಬಿಡದೆ ಹುಡುಗಿಯರ ಮಾತಿನಲ್ಲೇ ಇಳಿಸಿಕೊಂಡಿದ್ದೇನೆ. ಅವರ ಹೆಸರು ಹಾಕಿಲ್ಲ, ಒಂದು ಮಾತು ಕೇಳಿಯೂ ಇಲ್ಲ. ಮೊದಲ ಪುಟದ ಎಚ್ಚರಿಕೆ ಮಾತ್ರ ಇದ್ದ ಹಾಗೇ ಇದೆ. ಅಕ್ಷರ ಈ ಸಲ ಇನ್ನೂ ಸ್ವಲ್ಪ ದಪ್ಪ ಮಾಡಿಸಿದ್ದೇನೆ.