ಚಿನ್ನದ ಮೀನಿನ ಪೆನ್ನಿಗೆ ಚಿಕ್ಕೋಡಿಯ ಗೃಹಿಣಿಯ ಬಿನ್ನಹ

ಚಿಕ್ಕೋಡಿ, 1991

ಮಾನ್ಯ ಜಪಾನೀ ಪೆನ್ನು ಮಹಾಶಯರೇ,

ನಮ್ಮ ಕಪಾಟಿನ ಮೇಲರೆಯಲ್ಲಿ ಮಖಮಲ್ಲಿನ ಹಾಸಿಗೆಯ ಮೇಲೆ ಪವಡಿಸಿರುವ ತಮ್ಮ ಪಾದಗಳಿಗೆ, ಪಾದಗಳಿಲ್ಲದಿದ್ದಲ್ಲಿ ಚಿನ್ನದ ನಿಬ್ಬಿಗೆ, ವಕೀಲ ಧರಣೇಂದ್ರ ಅವರ ಪತ್ನಿ ಚಂದ್ರಮತಿಯ ಅನಂತ ನಮಸ್ಕಾರಗಳು.

ಇಚಲಕರಂಜಿಯಲ್ಲಿ ಮಗ್ಗಗಳನ್ನಿಟ್ಟಿರುವ ನನ್ನ ಮೈದುನರು ಯಂತ್ರ ನೋಡಲೆಂದು ಜಪಾನಿಗೆ ಹೋಗಿ, ಯಂತ್ರದ ಬದಲು ತಮ್ಮನ್ನು ತಂದು ಅಣ್ಣನ ಕೈಗಿಟ್ಟ ದಿನದಿಂದ ಈ ಮನೆಯಲ್ಲಿ ಬೇರೆ ಮಾತಿಲ್ಲ. ತಮ್ಮ ಕರಿಯ ಮೈಮೆರುಗು ಒಂದು ಮರದ ಹಾಲಿನಿಂದಾದದ್ದೆಂದೂ, ಒಬ್ಬ ಕುಶಲಕರ್ಮಿ ಅದನ್ನು ಪದರ ಪದರವಾಗಿ ಬಳಿದು, ತೇವದ ಪೆಟ್ಟಿಗೆಯಲ್ಲಿ ಒಣಗಿಸಿ, ಉಜ್ಜಿ, ಮತ್ತೆ ಬಳಿದು, ಹಸಿಯಿರುವಾಗಲೇ ಚಿನ್ನದ ಪುಡಿ ಉದುರಿಸಿ ಮೀನು ಮೂಡಿಸಲು ತಿಂಗಳುಗಟ್ಟಲೆ ಕುಳಿತಿದ್ದನೆಂದೂ, ತಮ್ಮಂಥ ಇನ್ನೊಬ್ಬರು ಭೂಮಿಯ ಮೇಲಿಲ್ಲವೆಂದೂ ಯಜಮಾನರು ಹಾಲು ಹಾಕುವವನಿಗೂ ವಿವರಿಸಿದ್ದಾರೆ. ಜೈನರಾದ ನಮ್ಮ ಹೊಸ್ತಿಲು ದಾಟಿದ ಮೊದಲ ಮೀನು ತಾವೇ. ಅತ್ತೆಯವರು ಮೊದಲು ಮುಖ ತಿರುಗಿಸಿದರಾದರೂ, "ಬಂಗಾರದ್ದ ಐತೆಲ್ಲ, ಇರ್ಲಿ ಬಿಡ" ಎಂದು ದೊಡ್ಡ ಮನಸ್ಸು ಮಾಡಿದರು.

ಇಷ್ಟಾದರೂ ತಮ್ಮಿಂದ ಯಜಮಾನರು ಒಂದಕ್ಷರವನ್ನೂ ಬರೆಸಿಲ್ಲ. ಕೋರ್ಟಿನ ಕೆಲಸಕ್ಕೆ ಸಂತೆಯ ಸೋರುವ ಪೆನ್ನು, ಅದರ ಕಲೆ ಅವರ ಜೇಬಿಗೆ, ಆ ಜೇಬು ನನ್ನ ಸಾಬೂನಿಗೆ.

ಇದೆಲ್ಲವನ್ನೂ ಸಹಿಸಿಕೊಂಡೇನು. ಆದರೆ ಅಥಣಿಯ ಆಬಾಸಾಹೇಬರು, ಐಗಳಿಯಲ್ಲಿ ದನದ ಡಾಕ್ಟರಾಗಿರುವ ಮಗ ಮಹಾವೀರನೊಡನೆ, ನಮ್ಮ ಸುಗಂಧಾಳನ್ನು ನೋಡಲು ಬಂದ ದಿನ ತಾವು ಮಾಡಿದ್ದನ್ನು ಹೇಗೆ ಮರೆಯಲಿ? ಅವರೂ ಪೆನ್ನು ಕೂಡಿಡುವವರೆಂದು ತಿಳಿದಿದ್ದರೆ ಕಪಾಟಿಗೆ ಕೀಲಿ ಹಾಕುತ್ತಿದ್ದೆ. ಅವರು ತಮ್ಮನ್ನು ಕಂಡರು, ಚಾಳೀಸು ಮೂಗಿಗೇರಿಸಿದರು, ಅಂಗೈಯಲ್ಲಿಟ್ಟುಕೊಂಡರು.

"ಪ್ಲಾಸ್ಟಿಕ್ಕಿನಂಗ ತಣ್ಣಗ ಇಲ್ಲ ನೋಡ್ರಿ ವಕೀಲ್ರ, ಮನಶ್ಯಾರ ಕೈ ಹಿಡದಂಗ ಐತಿ" ಎಂದರು.

"ಇನ್ನೂ ಒಂದಿಷ್ಟ ವರ್ಷ ಹೋಗ್ಲಿ, ಬಣ್ಣ ಇನ್ನೂ ಅರಳತೈತ್ರಿ" ಎಂದರು ನಮ್ಮವರು.

ಮಗಳು ಚಹಾದ ತಟ್ಟೆ ಹಿಡಿದು ನಿಂತೇ ಇದ್ದಳು. ಕೊನೆಗೆ ವರನೇ ಎದ್ದು ಬಂದು ಇಸಿದುಕೊಂಡ. ಪೆನ್ನಿನ ಮಾತು ಮುಗಿಯುವ ಮೊದಲು ಹೊತ್ತು ಮುಳುಗಿತು. ಹೊತ್ತು ಮುಳುಗಿದ ಮೇಲೆ ಉಣ್ಣದ ನಾವೆಲ್ಲ ಬಿಸಿ ಹೋಳಿಗೆಯನ್ನು ಗೌರವದಿಂದ ನೋಡುತ್ತ ಕುಳಿತೆವು.

ಆಗ ಆಬಾಸಾಹೇಬರು, "ನಮಗ ವರದಕ್ಷಿಣಿ ಏನೂ ಬ್ಯಾಡ್ರಿ, ಈ ಪೆನ್ನೊಂದ ಕೊಟ್ಟಬಿಡ್ರಿ" ಎಂದರು. ಯಜಮಾನರು ತಮ್ಮನ್ನು ಎದೆಗವಚಿಕೊಂಡು, "ಹುಡಿಗಿನ್ನ ಬೇಕಾದ್ರ ಇವತ್ತ ಕರಕೊಂಡ ಹೋಗ್ರಿ, ಪೆನ್ನಿನ ಮಾತ ತಗೀಬ್ಯಾಡ್ರಿ" ಎಂದರು.

ಸುಗಂಧಾ ನೇರ ಮುಂದೆ ಬಂದಳು. ಅಪ್ಪನ ಕೈಯಿಂದ ತಮ್ಮನ್ನು ಬಿಡಿಸಿಕೊಂಡು, ಕೋರ್ಟಿನ ದೌತಿಯ ಶಾಯಿ ತುಂಬಿ, ವರನ ಮುಂದೆ ಹಿಡಿದು, "ನೀವ ಬರದ ನೋಡ್ರಿ" ಎಂದಳು. ಹಿರಿಯರಿಬ್ಬರೂ ಕೂಸು ಬಾವಿಗೆ ಬಿದ್ದವರಂತೆ ಎದ್ದು ನಿಂತರು. ಮಹಾವೀರ ಪೇಪರಿನ ಅಂಚಿನಲ್ಲಿ ಅವಳ ಹೆಸರು ಬರೆದು, ಸ್ವಲ್ಪ ಯೋಚಿಸಿ ಹೇಳಿದ: "ಮೀನ ಚಂದ ಐತ್ರಿ. ಆದ್ರ ಎಮ್ಮಿಗೆ ಔಷಧ ಬರಕೊಡಾಕ ನನ್ನ ರೀಫಿಲ್ ಪೆನ್ನ ಚಲೋ."

ಮಗಳು ಸೆರಗು ಬಾಯಿಗಿಟ್ಟು ನಕ್ಕಳು. ಮುಂಚೆ ನೋಡಿಹೋದ ಯಾರ ಮುಂದೆಯೂ ಅವಳು ಹೀಗೆ ನಕ್ಕಿರಲಿಲ್ಲ. ಇವನೇ ನಮ್ಮ ಅಳಿಯನೆಂದು ನಾನು ನಿಶ್ಚಯಿಸಿದ ಗಳಿಗೆಯಲ್ಲೇ ಯಜಮಾನರು, "ಇಂಥಾ ಹುಡುಗಗ ನಾ ಮಗಳ್ನ ಕೊಡಾಂಗಿಲ್ಲ" ಎಂದರು. ಆಬಾಸಾಹೇಬರು ಮಗನ ಪರವಾಗಿ ಕೈಮುಗಿದು ಕ್ಷಮೆ ಕೇಳಿದರು, ನಮ್ಮನ್ನಲ್ಲ, ತಮ್ಮನ್ನು.

ಆಗ ನಾನು ತಮ್ಮನ್ನೆತ್ತಿ ಸೆರಗಿನ ತುದಿಗೆ ಗಂಟು ಹಾಕಿದೆ. "ಮದವಿ ಆಗೂತನಕಾ ಇದು ಜ್ವಾಳದ ಹಿಟ್ಟಿನ ಡಬ್ಬ್ಯಾಗ ಇರತೈತಿ. ಮದವಿ ಆಗ್ಲಿಲ್ಲಂದ್ರ ಇದರಲೇನ ಕಿರಾಣಿ ಚೀಟಿ ಬರೀತೀನಿ" ಎಂದೆ. ಹಿರಿಯರಿಬ್ಬರೂ ಕೂಡಲೇ ಒಪ್ಪಿದರು. ಮದುವೆ ಸುಖವಾಗಿ ನಡೆಯಿತು. ಮಗಳು ಐಗಳಿಯಲ್ಲಿ ನಗುನಗುತ್ತಿದ್ದಾಳೆ. ಬೀಗರು ಮಾತ್ರ ಭಾನುವಾರ ಬಂದರೆ ಸಾಕು, ಅವಳ ಕ್ಷೇಮಸಮಾಚಾರ ಹೇಳುವ ನೆಪದಲ್ಲಿ ತಮ್ಮ ದರ್ಶನಕ್ಕೆ ಹಾಜರು.

ಮಾನ್ಯರೇ, ಮುಖ್ಯ ದೂರು ಈಗ ಬರುತ್ತದೆ. ತಾವು ಹಿಟ್ಟಿನ ಡಬ್ಬಿಯಲ್ಲಿದ್ದ ದಿನಗಳಲ್ಲಿ ಒಂದು ಮಧ್ಯಾಹ್ನ, ನಾಲ್ಕು ಮಾತು ಬೈಯೋಣವೆಂದು ತಮ್ಮನ್ನು ಹೊರತೆಗೆದೆ. ಕಿಟಕಿಯ ಬಿಸಿಲು ಬಿತ್ತು. ತಮ್ಮ ಕಪ್ಪು ಮೈ ಆಳದ ಬಾವಿಯ ನೀರಾಯಿತು, ಮೀನು ಸದ್ದಿಲ್ಲದೆ ತಿರುಗಿ ಆಚೆ ಬದಿಗೆ ಹೋಯಿತು. ಅದು ಮರಳಿ ಬರಲೆಂದು ಕಾಯುತ್ತ ಕುಳಿತೆ. ಒಲೆಯ ಮೇಲಿನ ಹಾಲೆಲ್ಲ ಉಕ್ಕಿಹೋಯಿತು. ಅಂದಿನಿಂದ ಯಜಮಾನರು ಕೋರ್ಟಿಗೆ ಹೋದೊಡನೆ ನನ್ನ ಧಾರೆಸೀರೆಯ ತುಂಡಿನಿಂದ ತಮ್ಮನ್ನು ಒರೆಸುತ್ತಿರುವುದು ನಾನೇ. ಇದನ್ನು ತಾವು ಎಲ್ಲಿಯೂ ಬಾಯಿ ಬಿಡಬಾರದು.

ಕಾರಣ, ತಾವು ದಯಮಾಡಿ ಭಾನುವಾರಗಳಂದು ಕುರೂಪಿಯಾಗಿರಬೇಕು. ಯಜಮಾನರು ತಮ್ಮನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡುವ ಕಣ್ಣಿನಿಂದ ಒಮ್ಮೊಮ್ಮೆಯಾದರೂ ನನ್ನತ್ತ ನೋಡುವಂತೆ ಶಿಫಾರಸು ಮಾಡಬೇಕು. ನನ್ನ ಮೇಲೂ ಪದರಗಳು ಕಡಿಮೆಯೇನಿಲ್ಲ.

ಇಂತಿ, ತಮ್ಮ ವಿಶ್ವಾಸಿಯೂ ಸವತಿಯೂ ಆದ
ಚಂದ್ರಮತಿ

ತಾ.ಕ.: ತಾವು ಒಂಟಿಯಾಗಿದ್ದೀರೆಂದು ಬೀಗರು ಜಪಾನಿನಿಂದ ಕೆಂಪು ಮೈಯ ಕನ್ಯೆಯೊಬ್ಬಳನ್ನು ತರಿಸುತ್ತಿದ್ದಾರೆಂಬ ಸುದ್ದಿ ಇದೆ. ಶುಭವಾಗಲಿ. ಆ ಸಂಬಂಧ ನೋಡಲು ಬರುವವರು ಬುತ್ತಿ ಕಟ್ಟಿಕೊಂಡೇ ಬರಬೇಕಾಗಿ ವಿನಂತಿ.